ಕಾದು ಕುಳಿತದ್ದಕ್ಕೆ ಕೂಲಿ

ಪುನರ್ವಸು ಮಳೆ ಹಿಡಿದುಕೊಂಡಿದ್ದ ಒಂದು ಸಾಯಂಕಾಲ ನಮ್ಮ ಬೀದಿಯ ಕಡೆಯ ಮನೆಯ ಯಜಮಾನಿತಿಯವರು ಒದ್ದೆ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ಸೆರಗಿನಿಂದ ಕೈಯೊರಸಿಕೊಳ್ಳುತ್ತ ನಮ್ಮೆದುರಿಗೆ ಕುಳಿತರು. ಆಕೆಯ ಕಿರಿಯ ಮಗನು ನಮ್ಮ ಶಿಷ್ಯ. ರಾಮಶಬ್ದವನ್ನು ಒಪ್ಪಿಸೆಂದು ನಿಲ್ಲಿಸಿದರೆ ಕಿಟಕಿಯಾಚೆ ತೇಲುವ ಹದ್ದನ್ನು ನೋಡುತ್ತ ತೃತೀಯಾ ವಿಭಕ್ತಿಯಲ್ಲಿಯೇ ನಿಂತುಬಿಡುತ್ತಿದ್ದ ಹುಡುಗ. ತಂದೆ ಇದ್ದಾಗ ಎರಡು ಎಕರೆ ತೋಟವನ್ನು ಅಡವಿಟ್ಟು ಅವನನ್ನು ಅಮೆರಿಕಾಕ್ಕೆ ಕಳುಹಿಸಿದರು. ಅವನು ಅಲ್ಲಿ ಹೆಲಿಕಾಪ್ಟರು ನಡೆಸುವುದನ್ನು ಕಲಿತು, ಅಲ್ಲಿಯೇ ವಿವಾಹವಾಗಿ ನೆಲೆಸಿರುವನು. ಇಷ್ಟು ಊರಿಗೆಲ್ಲ ಗೊತ್ತು. ಆದರೆ ಆತನು ಮಾಡುವ ಕೆಲಸವೇನೆಂಬುದು ಊರಿಗಿರಲಿ, ಹೆತ್ತ ತಾಯಿಗೂ ಸರಿಯಾಗಿ ತಿಳಿದಿರಲಿಲ್ಲ.

“ಮೇಷ್ಟರೇ, ನಮ್ಮ ಹುಡುಗ ಹಣ್ಣಿನ ತೋಟದ ಮೇಲೆ ಹೆಲಿಕಾಪ್ಟರು ಹಾರಿಸಿ ಹಣ್ಣಿನ ಮೇಲಿನ ಮಳೆನೀರು ಒಣಗಿಸುತ್ತಾನಂತೆ. ಮಳೆ ಬಾರದ ದಿನ ಸುಮ್ಮನೆ ಕೂತದ್ದಕ್ಕೂ ದುಡ್ಡು ಕೊಡುತ್ತಾರಂತೆ. ಇದು ನಂಬುವ ಮಾತೇ? ಕೆಲಸವಿಲ್ಲದೆ ಕೂತು ನನ್ನನ್ನು ಸಮಾಧಾನ ಮಾಡಲು ಹೀಗೆ ಹೇಳುತ್ತಿದ್ದಾನೋ?”

ಆಕೆಯ ಮುಖದಲ್ಲಿ ನಗುವಿರಲಿಲ್ಲ. ಅಡವಿನ ಸಾಲದ ಕಂತು ಇನ್ನೂ ತೀರಿಲ್ಲವೆಂಬುದನ್ನು ನಾವು ಬಲ್ಲೆವು.

“ನಂಬುವ ಮಾತೇ ತಾಯಿ,” ಎಂದೆವು. ಹಾಗೆ ಹೇಳುವ ಧೈರ್ಯ ನಮಗೆ ಬಂದುದು ಆ ಹುಡುಗನೇ ಹಿಂದಿನ ಯುಗಾದಿಗೆ ಊರಿಗೆ ಬಂದಿದ್ದಾಗ ಎರಡು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ತನ್ನ ವೃತ್ತಿಯನ್ನು ಸವಿಸ್ತಾರವಾಗಿ ವಿವರಿಸಿದ್ದರಿಂದ. ವಾಚಕ ಮಹಾಶಯರಿಗೂ ಅದು ಹೊಸ ಸಂಗತಿಯಾಗಿರಬಹುದೆಂದು ಈ ತಿಂಗಳು ಅದನ್ನೇ ಬರೆಯುತ್ತೇವೆ.

ಮೊದಲು ಹೆಸರಿನ ವಿಷಯ ಒಂದು ಮಾತು. ಹಳೆಯ ಅಭ್ಯಾಸ, ಬಿಡಲಾಗುವುದಿಲ್ಲ. ಜನರು ಈ ಶಬ್ದವನ್ನು ‘ಹೆಲಿ-ಕಾಪ್ಟರ್’ ಎಂದು ಒಡೆಯುವರು. ಅದು ತಪ್ಪು ಪದಚ್ಛೇದ. ಗ್ರೀಕ್ ಭಾಷೆಯ ‘ಹೆಲಿಕ್ಸ್’ ಎಂದರೆ ಸುರುಳಿ, ‘ಪ್ಟೆರೋನ್’ ಎಂದರೆ ರೆಕ್ಕೆ. ಈ ಎರಡನೆಯದು ನಮ್ಮ ‘ಪತ್’ ಧಾತುವಿನ ಬಂಧು. ‘ಪತ್ರ’, ‘ಪತತ್ರ’ ಎಂಬ ಶಬ್ದಗಳ ದೂರದ ಸೋದರ. 1861ರಲ್ಲಿ ಪೊಂಟೋ ದಾಮೆಕೂರ್ ಎಂಬ ಫ್ರೆಂಚ್ ಗೃಹಸ್ಥನು ಯಂತ್ರವು ಹಾರುವುದಕ್ಕೆ ಎಷ್ಟೋ ಮೊದಲೇ ಹೆಸರನ್ನು ಕಟ್ಟಿಟ್ಟನು. ಸಿಕೋರ್ಸ್ಕಿಯ ಯಂತ್ರವು ಅಮೆರಿಕಾದಲ್ಲಿ ನೆಲಬಿಟ್ಟು ಎದ್ದುದು 1939ರಲ್ಲಿ. ನಾಗರಿಕರ ಉಪಯೋಗಕ್ಕೆಂದು ಬೆಲ್ ಕಂಪೆನಿಯ 47ನೆಯ ಮಾದರಿಗೆ ಅಲ್ಲಿನ ಸರಕಾರದ ಅನುಮತಿ ದೊರೆತುದು 1946ರ ಮಾರ್ಚಿಯಲ್ಲಿ. ವಿಮಾನವಾದರೋ ಬೇಸಾಯಕ್ಕೆ ಇನ್ನೂ ಮೊದಲೇ ಇಳಿದಿತ್ತು. 1921ರ ಆಗಸ್ಟಿನಲ್ಲಿ ಓಹಾಯೋ ಪ್ರಾಂತದ ಒಂದು ಮರದ ತೋಪಿಗೆ ಕಂಬಳಿಹುಳು ಮುತ್ತಿದಾಗ ಸೈನ್ಯದ ವಿಮಾನವೊಂದರಿಂದ ವಿಷದ ಪುಡಿಯನ್ನು ಉದುರಿಸಿದರು. ನಮ್ಮ ಹಿರಿಯರು ಬೆಳೆಗೆ ಬರುವ ಕೇಡುಗಳನ್ನು ‘ಈತಿ’ ಎಂದು ಕರೆದು ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ನೆರೆಯ ಅರಸರು ಎಂದು ಆರನ್ನು ಎಣಿಸಿದ್ದರು. ಪೈರಿನ ರಕ್ಷಣೆಗೆ ಆಕಾಶದಲ್ಲಿ ಕಾವಲುಗಾರನನ್ನು ಇಡಬಹುದೆಂದು ಅವರಿಗೆ ತೋರಿರಲಾರದು.

ಇನ್ನು ಚೆರಿ ಹಣ್ಣು. ಅಮೆರಿಕಾದ ವಾಯವ್ಯ ಮೂಲೆಯ ವಾಷಿಂಗ್‌ಟನ್ ಎಂಬ ಪ್ರಾಂತದಲ್ಲಿ (ರಾಜಧಾನಿಯ ವಾಷಿಂಗ್‌ಟನ್ ಬೇರೆ) ಕ್ಯಾಸ್ಕೇಡ್ ಪರ್ವತಗಳ ಪೂರ್ವಕ್ಕೆ ವೆನಾಚಿ, ಯಾಕಿಮಾ ಎಂಬ ಊರುಗಳಿವೆ. ಪಡುವಣ ಮೋಡಗಳೆಲ್ಲ ಪರ್ವತದ ಆಚೆಯ ಮಗ್ಗುಲಲ್ಲಿಯೇ ಸುರಿದು ಬರಿದಾಗುವುದರಿಂದ ಇಲ್ಲಿ ವರ್ಷಕ್ಕೆ 8–9 ಅಂಗುಲ ಮಳೆಯಾದರೆ ಹೆಚ್ಚು. ನಮ್ಮ ಆಗುಂಬೆಯಲ್ಲಿ 300 ಅಂಗುಲದ ಸುಮಾರಿಗೆ ಬೀಳುವುದೆಂದರೆ ಅಲ್ಲಿಯವರು ನಕ್ಕಾರು. ಘಟ್ಟದ ಮರೆಯ ನಾಡು ಬಯಲುಸೀಮೆಯಾಗುವ ಕ್ರಮವೇ ಇದು. ನದಿಯ ನೀರನ್ನು ಹಾಯಿಸಿ ಅಲ್ಲಿ ಸೇಬು, ಚೆರಿಗಳನ್ನು ಬೆಳೆಯುವರು. ಆ ದೇಶದಲ್ಲಿ ಸಿಹಿ ಚೆರಿಯನ್ನು ಅತ್ಯಧಿಕವಾಗಿ ಬೆಳೆಯುವ ಪ್ರಾಂತ ಅದೇ. ಒಣಹವೆ ಆ ಹಣ್ಣಿಗೆ ಹಿತ. ಆದರೆ ಕೊಯ್ಲಿಗೆ ಮುಂಚಿನ ಎರಡು ಮೂರು ವಾರಗಳಲ್ಲಿ ಅಕಾಲದ ಮಳೆಯೊಂದು ಬಂದಿತೆಂದರೆ ಅನರ್ಥ. ಹಣ್ಣಿನೊಳಗೆ ಸಕ್ಕರೆ ತುಂಬಿರುತ್ತದೆ. ಮೇಲೆ ನಿಂತ ಶುದ್ಧಜಲವು ತೆಳುವಾದ ಸಿಪ್ಪೆಯ ಮೂಲಕ ಸಿಹಿಯಿರುವ ಕಡೆಗೆ ಇಳಿಯುತ್ತದೆ. ಹಣ್ಣು ಉಬ್ಬುವುದು, ಸಿಪ್ಪೆ ತಾಳಲಾರದೆ ಬಿರಿಯುವುದು. ತೊಟ್ಟಿನ ಸುತ್ತ ಇರುವ ಕುಳಿಯಲ್ಲಿ ನಿಂತ ಹನಿಯಂತೂ ಹಗೆಯೇ ಸರಿ. ಬಿರಿದ ಹಣ್ಣನ್ನು ಪೆಟ್ಟಿಗೆ ಕಟ್ಟುವ ಮಂಡಿಯವರು ತೆಗೆದುಕೊಳ್ಳುವುದಿಲ್ಲ. ಬಿರುಕು ಹೆಚ್ಚಾದರೆ ಕೊಯ್ಲಿನ ಕೂಲಿಯೂ ಹುಟ್ಟದೆಂದು ಇಡೀ ತೋಟದ ಹಣ್ಣನ್ನು ಮರದಲ್ಲಿಯೇ ಬಿಟ್ಟುಬಿಡುವ ವರ್ಷಗಳೂ ಉಂಟಂತೆ.

ಆದುದರಿಂದ ಮಳೆ ನಿಂತೊಡನೆ ಹನಿಯನ್ನು ಕೊಡಹಬೇಕು. ಸಾವಿರಾರು ಮರಗಳನ್ನು ಕೈಯಿಂದ ಅಲ್ಲಾಡಿಸುವುದು ಸಾಧ್ಯವೇ? ಹೆಲಿಕಾಪ್ಟರು ತನ್ನ ಭಾರವನ್ನು ಹೊರುವುದೇ ಗಾಳಿಯನ್ನು ಕೆಳಕ್ಕೆ ತಳ್ಳಿ. ನಾಲ್ವರು ಕೂಡುವ ಚಿಕ್ಕ ರಾಬಿನ್ಸನ್ ಯಂತ್ರವೂ ಪೂರ್ತಿ ಹೊತ್ತಾಗ ಸುಮಾರು 1,100 ಕಿಲೋ ತೂಗುವುದು. ಅಷ್ಟು ಭಾರವನ್ನು ಎತ್ತಿ ಹಿಡಿಯುವ ಗಾಳಿಯು ಮರದ ತಲೆಯ ಮೇಲೆ ಸುರಿದರೆ ಎಲೆಯೆಲ್ಲ ಮಗುಚಿ, ಕೊಂಬೆ ನಡುಗಿ, ನೀರು ಕೆದರಿಹೋಗುವುದು. ಚಾಲಕನು ಮರಗಳ ನೆತ್ತಿಗೆ ಕೆಲವೇ ಮೊಳ ಎತ್ತರದಲ್ಲಿ, ಮನುಷ್ಯನು ನಡೆಯುವ ವೇಗದಲ್ಲಿ, ಸಾಲು ಹಿಡಿದು ಹೋಗುತ್ತ, ತಿರುಗಿ ಮುಂದಿನ ಸಾಲು ಹಿಡಿಯುತ್ತ, ಉಳುವವನಂತೆ ತೋಟವನ್ನು ಮುಗಿಸಬೇಕು. ಸೇನೆಯಿಂದ ನಿವೃತ್ತವಾದ ಹಳೆಯ ದೊಡ್ಡ ಸಿಕೋರ್ಸ್ಕಿ ಯಂತ್ರಗಳೂ ಈ ಕೆಲಸಕ್ಕೆ ಬರುವುವಂತೆ. ಯುದ್ಧಕ್ಕೆ ಹುಟ್ಟಿದ್ದು ಹಣ್ಣಿಗೆ ಬೀಸಣಿಗೆಯಾಯಿತೆಂದರೆ ನಮಗೇಕೋ ಸಂತೋಷ.

ಇಲ್ಲಿ ಆ ಹಣ್ಣಿನ ಹೆಸರಿನದೂ ಒಂದು ಕಥೆಯುಂಟು. ಅಲ್ಲಿನ ಪ್ರಸಿದ್ಧವಾದ ಕಪ್ಪುಗೆಂಪಿನ ಜಾತಿಗೆ ‘ಬಿಂಗ್’ ಎಂದು ಹೆಸರು. 1875ರ ಸುಮಾರಿಗೆ ಪಕ್ಕದ ಆರೆಗಾನ್ ಪ್ರಾಂತದ ಲ್ಯೂಎಲಿಂಗ್ ಎಂಬವರ ತೋಟದಲ್ಲಿ ಅದು ಹುಟ್ಟಿದಾಗ ಅಲ್ಲಿ ಮೇಸ್ತ್ರಿಯಾಗಿದ್ದ ಆಹ್ ಬಿಂಗ್ ಎಂಬ ಚೀನೀಯನ ಹೆಸರನ್ನು ಇಟ್ಟರು. ಆತನು ಮುಂದೆ ಸ್ವದೇಶಕ್ಕೆ ಹೋದವನು ಚೀನೀಯರ ಪ್ರವೇಶವನ್ನು ತಡೆದ 1882ರ ಕಾನೂನಿನ ದೆಸೆಯಿಂದ ಮರಳಿ ಬರಲಾರದೆ ಹೋದನೆಂದು ಹೇಳುವರು. ಹಣ್ಣಿಗೆ ಪರದೇಶದ ಕೆಲಸಗಾರನ ಹೆಸರು ಉಳಿಯಿತು, ಕೆಲಸಗಾರನು ಉಳಿಯಲಿಲ್ಲ. ನಮ್ಮ ಶಿಷ್ಯನು ಇದನ್ನು ಹೇಳುವಾಗ ಅವನ ಧ್ವನಿ ಸ್ವಲ್ಪ ತಗ್ಗಿತೆಂದು ನಮಗೆ ತೋರಿತು.

ಸರಿ, ಆ ತಾಯಿಯ ಪ್ರಶ್ನೆಗೆ ಬರೋಣ. ಮಳೆ ಯಾವ ಗಳಿಗೆಯಲ್ಲಿ ಬಂದೀತೆಂದು ಬಲ್ಲವರಾರು? ಬಂದ ಮೇಲೆ ಹೆಲಿಕಾಪ್ಟರನ್ನು ಹುಡುಕಿಕೊಂಡು ಹೋದರೆ ಹಣ್ಣು ಕಾಯುವುದಿಲ್ಲ. ಮಳೆ ಬಂದರೆ ಕಣಿವೆಯ ತೋಟಗಳೆಲ್ಲಕ್ಕೂ ಒಮ್ಮೆಗೇ ಬರುವುದರಿಂದ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಯಂತ್ರ ಬೇಕು. ಅದಕ್ಕಾಗಿ ಬೆಳೆಗಾರರು ಹಂಗಾಮಿಗೆಂದು ಕರಾರು ಮಾಡಿಕೊಂಡು, ಕಾದಿರುವ ದಿನಕ್ಕೆ ಇಷ್ಟು, ಹಾರಿದ ಗಂಟೆಗೆ ಇಷ್ಟು ಎಂದು ಕೊಡುವರು. ಚಾಲಕನು ಜೂನಿನಿಂದ ಆಗಸ್ಟಿನ ಆರಂಭದವರೆಗೆ ಒಂದು ಬಿಡಾರದಲ್ಲಿಯೋ, ಯಂತ್ರದ ಪಕ್ಕದಲ್ಲಿ ನಿಲ್ಲಿಸಿದ ವಾಹನದಲ್ಲಿಯೋ ಇದ್ದು ಆಕಾಶವನ್ನೇ ನೋಡುತ್ತಿರಬೇಕು. ಊರು ಬಿಟ್ಟು ಹೋಗುವಂತಿಲ್ಲ, ಮದ್ಯ ಮುಟ್ಟುವಂತಿಲ್ಲ, ಬೆಳಗಿನ ಜಾವಕ್ಕೆ ಕರೆ ಬಂದರೂ ಎದ್ದು ಹೊರಡಬೇಕು. ಹತ್ತು ದಿನ ಬರಿದೇ ಕಳೆದು ಹನ್ನೊಂದನೆಯ ದಿನ ಏಳು ಗಂಟೆಗಳ ಕಾಲ ಹಾರಬೇಕಾಗಿ ಬರುವುದೂ ಉಂಟಂತೆ. ಇಷ್ಟು ವಿವರಿಸಿದ ಮೇಲೆ ಆಕೆಗೆ ಅರ್ಥವಾಯಿತು. “ಹೆರಿಗೆಯ ಮನೆಯಲ್ಲಿ ಸೂಲಗಿತ್ತಿ ಕೂತ ಹಾಗೆ,” ಎಂದರು. ನಮ್ಮ ಅರ್ಧ ಗಂಟೆಯ ವ್ಯಾಖ್ಯಾನಕ್ಕಿಂತ ಆ ಒಂದು ಮಾತೇ ಮೇಲು.

ಇಂಥ ಕೆಲಸಕ್ಕೆ ಯಾರು ಹೋಗುವರೆಂದರೆ ಹೆಚ್ಚಾಗಿ ವೃತ್ತಿಯ ಆರಂಭದಲ್ಲಿರುವವರು. ಆ ದೇಶದಲ್ಲಿ 150 ಗಂಟೆ ಹಾರಿದವನು ಪರೀಕ್ಷೆಗಳನ್ನು ಗೆದ್ದರೆ ಕೂಲಿಗಾಗಿ ಹೆಲಿಕಾಪ್ಟರು ನಡೆಸುವ ಪರವಾನಗಿಯನ್ನು ಪಡೆಯಬಹುದು. ಆದರೆ ಪ್ರವಾಸಿಗರನ್ನು ಕೂರಿಸಿಕೊಳ್ಳುವವರೂ, ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವವರೂ ಸಾವಿರ, ಎರಡು ಸಾವಿರ ಗಂಟೆಗಳ ಅನುಭವವನ್ನು ಕೇಳುವರು. ನಡುವಿನ ಕಂದಕವನ್ನು ದಾಟುವುದು ಹೇಗೆ? ಕೆಲವರು ಹೊಸಬರಿಗೆ ಪಾಠ ಹೇಳುವರು, ಕೆಲವರು ಹಂಗಾಮಿನ ಕೆಲಸವನ್ನು ಹಿಡಿದು ಋತುಗಳ ಬೆನ್ನಟ್ಟುವರು. ಬೇಸಿಗೆಯಲ್ಲಿ ಚೆರಿ. ನವೆಂಬರಿನಲ್ಲಿ ಆರೆಗಾನ್ ಪ್ರಾಂತದ ಇಳಿಜಾರುಗಳಿಂದ ಕ್ರಿಸ್‌ಮಸ್ ಮರಗಳ ಕಟ್ಟುಗಳನ್ನು ಉದ್ದ ಹಗ್ಗದ ತುದಿಗೆ ಸಿಕ್ಕಿಸಿ, ಲಾರಿಯ ಬಳಿ ಇಳಿಸಿ, ನಿಮಿಷವೂ ನಿಲ್ಲದೆ ಮತ್ತೊಂದಕ್ಕೆ ಹಾರುವ ಕೆಲಸ. ಅದು ಪಳಗಿದ ಕೈಗಳಿಗೆ ಮಾತ್ರ. ದಕ್ಷಿಣಾರ್ಧಗೋಲದ ನ್ಯೂಜಿಲೆಂಡಿನಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ವಸಂತ. ಮಾರ್ಲ್‌ಬರೋ ಎಂಬಲ್ಲಿ ದ್ರಾಕ್ಷಿಯ ಚಿಗುರಿಗೆ ಹಿಮದ ಭಯ. ನಿರ್ಮಲವಾದ ರಾತ್ರಿಯಲ್ಲಿ ನೆಲದ ಬಳಿಯ ಗಾಳಿ ತಣ್ಣಗಾಗಿ, ಅದರ ಮೇಲೆ ಹಲವು ಮೀಟರು ಎತ್ತರದಲ್ಲಿ ಬೆಚ್ಚನೆಯ ಪದರವೊಂದು ನಿಂತಿರುವುದು. ಹೆಲಿಕಾಪ್ಟರುಗಳು ನಸುಕಿನ ಕತ್ತಲೆಯಲ್ಲಿ ಆ ಬೆಚ್ಚನೆಯ ಗಾಳಿಯನ್ನು ಚಿಗುರಿನ ಮೇಲಕ್ಕೆ ತಳ್ಳುವುವು. ಕಂಬಳಿ ಮೇಲಿದೆ, ಮಗು ಕೆಳಗಿದೆ; ಎಳೆದು ಹೊದಿಸುವುದಷ್ಟೆ.

ಹೆಲಿಕಾಪ್ಟರು ಬೇಸಾಯಕ್ಕೆ ಬಂದುದು ನಮ್ಮವರಿಗೂ ಗೊತ್ತಿಲ್ಲದ ಸಂಗತಿಯಲ್ಲ, ಮತ್ತು ಅದನ್ನು ಇಲ್ಲಿ ಮರೆಮಾಚುವುದು ಸರಿಯಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಎಣ್ಮಕಜೆಯ ಪಡ್ರೆಯಂಥ ಕನ್ನಡದ ಗ್ರಾಮಗಳು ಆ ಗುಡ್ಡಗಳ ಬುಡದಲ್ಲಿಯೇ ಇವೆ; ಆ ನೀರೇ ಅವರ ಸುರಂಗಗಳಿಗೂ ತೋಡುಗಳಿಗೂ ಇಳಿಯುತ್ತದೆ. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಅದೇ ಸಿಂಪಡಣೆ ನಡೆಯಿತು. ಅಲ್ಲಿಯ ಮಕ್ಕಳ ಅಂಗವೈಕಲ್ಯ, ಬುದ್ಧಿಮಾಂದ್ಯ, ನರರೋಗಗಳ ಕಥೆಯನ್ನು ಕೇಳದವರಿಲ್ಲ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಅದನ್ನು ನಿಲ್ಲಿಸಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಆ ಯಂತ್ರವನ್ನು ನಡೆಸಿದವರೂ ಹಂಗಾಮಿನ ಚಾಲಕರೇ. ಮರದ ನೆತ್ತಿಯಲ್ಲಿದ್ದವರಿಗೆ ಮರದ ಕೆಳಗಣ ಅಂಗಳ ಕಾಣಿಸಿತೋ ಇಲ್ಲವೋ. ನಮ್ಮ ಶಿಷ್ಯನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, “ನಾನು ಗಾಳಿ ಮಾತ್ರ ಸುರಿಸುತ್ತೇನೆ ಮೇಷ್ಟರೇ, ಔಷಧ ಸಿಂಪಡಿಸುವ ಕೆಲಸಕ್ಕೆ ಸಂಬಳ ಹೆಚ್ಚು, ಕರೆದರೂ ಹೋಗಿಲ್ಲ,” ಎಂದನು.

ಗಾಳಿ ಸುರಿಸುವುದೂ ನಿರಪಾಯವಲ್ಲ. ಎತ್ತರದಲ್ಲಿರುವಾಗ ಇಂಜಿನು ನಿಂತರೆ ಹೆಲಿಕಾಪ್ಟರು ಕಲ್ಲಿನಂತೆ ಬೀಳುವುದಿಲ್ಲ. ನಮ್ಮ ಶಾಲೆಯ ಅಂಗಳದ ಮಹಾಗನಿ ಮರದ ಬೀಜ ತಿರುತಿರುಗಿ ಇಳಿಯುವುದನ್ನು ನೋಡಿದ್ದೇವಲ್ಲ, ಹಾಗೆಯೇ ಕೆಳಗಿನಿಂದ ಮೇಲಕ್ಕೆ ಬರುವ ಗಾಳಿಯಿಂದಲೇ ರೆಕ್ಕೆ ತಿರುಗುತ್ತಿರಲು ಚಾಲಕನು ಮೆಲ್ಲನೆ ನೆಲಕ್ಕಿಳಿಸಬಲ್ಲನು. ಆದರೆ ಅದಕ್ಕೆ ಎತ್ತರವಾದರೂ ಬೇಕು, ವೇಗವಾದರೂ ಬೇಕು. ಚೆರಿಯ ಮರದ ಮೇಲೆ ಕಾಲ್ನಡಿಗೆಯ ವೇಗದಲ್ಲಿ ತೂಗುವವನಿಗೆ ಎರಡೂ ಇಲ್ಲ. ಇದರ ಮೇಲೆ ವಿದ್ಯುತ್ತಿನ ತಂತಿ, ಹಿಮ ತಡೆಯಲು ನೆಟ್ಟ ಗಾಳಿಯಂತ್ರದ ಕಂಬ, ಪಕ್ಕದ ತೋಟದಲ್ಲಿ ಹಾರುವ ಇನ್ನೊಂದು ಹೆಲಿಕಾಪ್ಟರು. ತಂತಿ ಕಣ್ಣಿಗೆ ಕಾಣುವುದೇ ಇಲ್ಲವಂತೆ. ಕಂಬವನ್ನು ನೋಡಿ ತಂತಿಯನ್ನು ಊಹಿಸಬೇಕು. ಅಮೆರಿಕಾದ ಸಾರಿಗೆ ಸುರಕ್ಷತಾ ಮಂಡಲಿಯ ಅಪಘಾತ ವರದಿಗಳಲ್ಲಿ ಚೆರಿತೋಟದ ಹಾರಾಟಗಳು ಹಲವು ಸೇರಿವೆ.

ತಾಯಿಗೆ ನಾವು ಇದನ್ನು ಹೇಳಲಿಲ್ಲ. ಆದರೆ ಆಕೆಯೇ ಎರಡನೆಯ ಪ್ರಶ್ನೆಯನ್ನು ಎತ್ತಿದರು. “ಈ ಸಲ ಒಂದು ತೋಟದವರು ಇವನನ್ನು ಬೇಡವೆಂದರಂತೆ. ಏನು ತಪ್ಪು ಮಾಡಿದನೋ ಹೇಳುವುದಿಲ್ಲ. ನೀವು ಕೇಳಿದರೆ ಹೇಳಿಯಾನು.” ಆ ರಾತ್ರಿಯೇ ದೂರವಾಣಿಯಲ್ಲಿ ವಿಚಾರಿಸಿದೆವು.

ಸಂಗತಿ ಇಷ್ಟು. ಅವನ ಪಾಲಿಗೆ ಮೂರು ತೋಟಗಳು. ಹಂಗಾಮಿನ ಮೊದಲ ದಿನವೇ ಮೂರನ್ನೂ ಕಾಲ್ನಡಿಗೆಯಲ್ಲಿ ಸುತ್ತಿ, ಕಂಬ ತಂತಿಗಳನ್ನೆಲ್ಲ ಕಾಗದದ ಮೇಲೆ ಗುರುತುಮಾಡಿಕೊಂಡಿದ್ದನು. ಜೂನಿನ ಕೊನೆಯ ವಾರ ಸಂಜೆಗೆ ಮಳೆ ಹೊಡೆಯಿತು. ಅಲ್ಲಿ ಆ ಕಾಲದಲ್ಲಿ ರಾತ್ರಿ ಒಂಬತ್ತರ ಹತ್ತಿರದವರೆಗೂ ಬೆಳಕಿರುವುದು. ಮಳೆ ಬಿಟ್ಟಾಗ ಏಳು ಗಂಟೆ. ಎರಡು ತೋಟಗಳನ್ನು ಮುಗಿಸುವಷ್ಟರಲ್ಲಿ ಎಂಟೂವರೆ ಮೀರಿ, ಮೋಡದ ದೆಸೆಯಿಂದ ಮಬ್ಬು ಕವಿದಿತ್ತು. ಮೂರನೆಯ ತೋಟದ ಇಳಿಜಾರಿನ ತಲೆಯಲ್ಲಿ ವಿದ್ಯುತ್ತಿನ ತಂತಿಗಳು ಅಡ್ಡಹಾಯುತ್ತವೆ. ಮೇಲಿನ ಹನ್ನೆರಡು ಸಾಲುಗಳನ್ನು ಬಿಟ್ಟು ಕೆಳಗಿನದನ್ನು ಮಾತ್ರ ಒಣಗಿಸಿ ಇಳಿದುಬಿಟ್ಟನು. ಬೆಳೆಗಾರನು ಬಂದು, “ಇನ್ನು ಹತ್ತೇ ನಿಮಿಷದ ಕೆಲಸ,” ಎಂದನು. ಇವನು, “ಕಂಬ ಕಾಣುತ್ತಿಲ್ಲ,” ಎಂದನು. ಅಷ್ಟೇ ಮಾತು. ಮರುದಿನ ಬಿಸಿಲೇರುವ ಹೊತ್ತಿಗೆ ಆ ಹನ್ನೆರಡು ಸಾಲುಗಳ ಹಣ್ಣು ಬಿರಿದಿತ್ತು. ಆ ಮನುಷ್ಯನು ಬೈಯಲಿಲ್ಲ. ಸಾಲಿನಿಂದ ಸಾಲಿಗೆ ನಡೆದು ಹಣ್ಣನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದನಂತೆ. ಮುಂದಿನ ವಾರ ಆ ತೋಟವನ್ನು ಬೇರೊಬ್ಬ ಚಾಲಕನಿಗೆ ಕೊಟ್ಟರು.

“ಬೈದಿದ್ದರೆ ಚೆನ್ನಾಗಿತ್ತು ಮೇಷ್ಟರೇ. ಅವನಿಗೂ ಬ್ಯಾಂಕಿನ ಸಾಲವಿದೆ. ಹಾರಿದ್ದರೆ ನನಗೂ ಇನ್ನಷ್ಟು ಹಣ ಬರುತ್ತಿತ್ತು. ಎಷ್ಟೋ ಸಲ ಯೋಚಿಸುತ್ತೇನೆ, ಹತ್ತು ನಿಮಿಷ, ಆಗಿಬಿಡುತ್ತಿತ್ತೋ ಏನೋ.”

ನಮ್ಮ ಅಭಿಪ್ರಾಯವನ್ನು ಹೇಳಿಬಿಡುತ್ತೇವೆ. ಅವನು ಮಾಡಿದ್ದು ಸರಿ. ಆ ಕರಾರಿನಲ್ಲಿ ಎರಡು ಬಗೆಯ ಹಣವಿದೆ. ಹಾರಿದ ಗಂಟೆಯ ಹಣವು ಚಾಲಕನನ್ನು ಮೇಲಕ್ಕೆ ಎಳೆಯುತ್ತದೆ, ಕಾದ ದಿನದ ಹಣವೊಂದೇ ಅವನನ್ನು ನೆಲದ ಮೇಲೆ ನಿಲ್ಲಗೊಡುತ್ತದೆ. ಅದು ಇಲ್ಲದಿದ್ದರೆ ಸಾಲಗಾರನಾದ ಯುವಕನು ಮಬ್ಬಿನಲ್ಲಿ ‘ಇಲ್ಲ’ ಎನ್ನುವುದು ಹೇಗೆ? ತಾಯಿಗೆ ವಿಚಿತ್ರವಾಗಿ ತೋರಿದ ಆ ಕೂಲಿಯೇ ಆಕೆಯ ಮಗನನ್ನು ಉಳಿಸಿರಬಹುದು. ಹಾಗೆಂದು ಆ ಬೆಳೆಗಾರನನ್ನು ದೂರುವ ಮನಸ್ಸೂ ನಮಗಾಗಲಿಲ್ಲ. ಹಣ್ಣಿಗಾಗಿ ಪ್ರಾಣವನ್ನು ಪಣವಿಡುವರೇ ಎಂದು ಕೇಳಹೊರಟರೆ, ಮಲೆನಾಡಿನ ನಾವು ಮೊದಲು ನಮ್ಮ ತೋಟವನ್ನು ನೋಡಿಕೊಳ್ಳಬೇಕು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಬಳಕೆಗೆ ತಂದರು. ನೂರು ವರ್ಷಗಳಿಗೂ ಮೀರಿ ನಮ್ಮ ಕೊನೆಗೌಡರು ಜಾರುವ ಮರವನ್ನು ಐವತ್ತು ಅಡಿ ಏರಿ, ಒಂದು ಮರದಿಂದ ಇನ್ನೊಂದಕ್ಕೆ ತೂಗಿ ಹಿಡಿದು ಹೋಗುತ್ತ ಅದನ್ನು ಹೊಡೆದಿರುವರು. ಬಿದ್ದವರ ಲೆಕ್ಕವನ್ನು ನಾವು ಎಲ್ಲಿಯೂ ಬರೆದಿಟ್ಟಿಲ್ಲ. ಈಗ ನೆಲದಲ್ಲಿ ನಿಂತೇ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳೂ, ಡ್ರೋನುಗಳೂ ಬಂದಿವೆ. ಬಂದದ್ದು ಒಳ್ಳೆಯದಾಯಿತು. ಮರ ಏರುವವರನ್ನು ಉಳಿಸಬೇಕೆಂಬ ಕನಿಕರದಿಂದಲ್ಲ, ಏರುವವರು ಸಿಕ್ಕುವುದಿಲ್ಲವೆಂಬ ಕಾರಣದಿಂದ ಬಂದವೆಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಪುಷ್ಯ ಮಳೆ ಹುಟ್ಟಿದ ಮೇಲೆ ಒಂದು ಬೆಳಿಗ್ಗೆ, ಮಗನು ಹೇಳಿದ್ದನ್ನೆಲ್ಲ ತಿಳಿಸೋಣವೆಂದು ಆಕೆಯ ಮನೆಗೆ ಹೋದೆವು. ತಂತಿಯ ವಿಷಯವನ್ನು ಮೆದುಮಾಡಿ ಹೇಳಿದರೂ ಆಕೆಗೆ ತಿಳಿಯಿತೆಂದು ತೋರುತ್ತದೆ; ಮಾತನಾಡಲಿಲ್ಲ. ಆ ದಿನ ಎರಡನೆಯ ಸಲದ ಔಷಧ ಹೊಡೆಸಬೇಕೆಂದು ಕೊನೆಗೌಡನನ್ನು ಕರೆಸಿದ್ದರು. ಮಳೆ ಒಂದೇ ಸಮನೆ ಸುರಿಯುತ್ತಿದ್ದಿತು. ಆತನು ಬೆಳಗಿನಿಂದ ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದವನು ಮಧ್ಯಾಹ್ನ ಎದ್ದು, “ಇವತ್ತು ಆಗೂದಿಲ್ಲ ಅಮ್ಮಾ, ಮರ ಜಾರ್ತದೆ, ನಾಳೆ ನೋಡ್ವ,” ಎಂದನು. ಆಕೆ ಒಳಗೆ ಹೋಗಿ ಹಣ ತಂದು ಅವನ ಕೈಯಲ್ಲಿಟ್ಟರು. ಅವನು ಎಣಿಸಿ ನೋಡಿ, “ಇದೆಂತ, ಇಡೀ ದಿನದ್ದು ಕೊಟ್ರಿ?” ಎಂದನು.

“ಬೆಳಗಿನಿಂದ ಕಾದಿದ್ದೀಯಲ್ಲ. ಊಟ ಮಾಡಿಕೊಂಡು ಹೋಗು,” ಎಂದು ಆಕೆ ಎಲೆ ಹಾಕಲು ಒಳಗೆ ಹೋದರು. ಮಳೆ ಸಂಜೆಯವರೆಗೂ ಬಿಡಲಿಲ್ಲ.